ಗೇರುಬೀಜ ಮಾತ್ರ

ಅಪ್ಪಯ್ಯ ಆ ಮಾತನ್ನು ನನಗೆ ಅವತ್ತು ಹೇಳಿದರೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಹೇಳಿದ್ದರೆ ನನ್ನ ಮೊದಲ ತಪ್ಪು ಅರ್ಧ ಕಡಿಮೆಯಾಗುತ್ತದೆ. ಹೇಳದಿದ್ದರೆ — ಅದಕ್ಕೆ ಆಮೇಲೆ ಬರುತ್ತೇನೆ. ಎರಡನೆಯ ತಪ್ಪಿನ ಬಗ್ಗೆ ಯಾವ ಅನುಮಾನವೂ ಇಲ್ಲ. ಹದಿನೈದು ವರ್ಷದ ಒಬ್ಬ ಹುಡುಗ ತಿನ್ನದೇ ಇದ್ದದ್ದನ್ನು ತಿಂದನೆಂದು ನಾನು ಸಾಕ್ಷಿ ಹೇಳಿದೆ. ಅವನು ನನ್ನೆದುರಿಗೇ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದ. ನನ್ನ ಮುಖವನ್ನೇ ನೋಡುತ್ತಿದ್ದ. ಆದರೂ ಹೇಳಿದೆ.

ನಾನು ಚೆನ್ನೈಯ ಒಂದು ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತೇನೆ. ಕಣ್ಣಾರೆ ಕಂಡವರ ಮಾತನ್ನು ಎಷ್ಟು ನಂಬಬಹುದು, ನೆನಪು ತನಗೆ ಬೇಕಾದ್ದನ್ನು ಹೇಗೆ ಸೇರಿಸಿಕೊಂಡುಬಿಡುತ್ತದೆ ಎನ್ನುವುದು ನಾನು ಪ್ರತಿ ವರ್ಷ ಪಾಠ ಮಾಡುವ ವಿಷಯ. ಮಕ್ಕಳಿಗೆ ಬಹಳ ಇಷ್ಟವಾಗುವ ಪಾಠ ಅದು. ಉದಾಹರಣೆಗೆಂದು ಒಂದು ಕತೆ ಹೇಳುತ್ತೇನೆ: ಒಂದು ಫುಟ್ಬಾಲ್ ಪಂದ್ಯಾವಳಿ, ಒಬ್ಬ ಗೋಲ್‌ಕೀಪರ್, ತಂದೆಯ ಮಾತು ನಂಬಿ ಮೋಸಹೋದ ಒಬ್ಬ ಯುವಕ. ಯುವಕ ಯಾರೆಂದು ಹೇಳುವುದಿಲ್ಲ. ಕತೆ ಮುಗಿದಾಗ ತರಗತಿ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಆ ಮೌನ ನನಗೆ ಹಿತವಾಗಿರುತ್ತಿತ್ತು. ಇದನ್ನೂ ಒಪ್ಪಿಕೊಳ್ಳಬೇಕು.

ಹನ್ನೆರಡು ವರ್ಷವಾಗಿರಬಹುದು. ಆಗ ನಾನು ಎಂ.ಎ. ಮುಗಿಸಿ ಸಂಶೋಧನೆಗೆ ಸೇರಿ, ಅದನ್ನು ಪೂರ್ತಿ ಮಾಡದೆ ಊರೆಲ್ಲ ತಿರುಗುತ್ತಿದ್ದೆ. ನೆರೆದೇಶಗಳ ಹದಿನಾರರೊಳಗಿನ ಹುಡುಗರ ಪಂದ್ಯಾವಳಿ ಚೆನ್ನೈಯಲ್ಲಿ ನಡೆಯುವುದೆಂದಾಯಿತು. ಪ್ರತಿ ತಂಡದ ಜೊತೆಗೂ ಊರು ಗೊತ್ತಿರುವ ಒಬ್ಬ ಬೇಕಿತ್ತು. ಹೆಸರು ಕೊಟ್ಟೆ, ನನಗೆ ನೇಪಾಳ ಸಿಕ್ಕಿತು. ಸಂಪರ್ಕಾಧಿಕಾರಿ ಎಂದು ಕೊರಳಿಗೆ ಪಟ್ಟಿ ಹಾಕಿದ್ದರು. ಬಸ್ಸಿನವನಿಗೆ ಫೋನ್ ಮಾಡುವುದು, ಐಸ್ ತರಿಸುವುದು, ಯಾರದೋ ಕಳೆದುಹೋದ ಕಾಲುಚೀಲ ಹುಡುಕುವುದು — ಇಷ್ಟೇ ಕೆಲಸ. ಹುಡುಗರು ನನ್ನನ್ನು ದಾಜು ಎಂದು ಕರೆಯುತ್ತಿದ್ದರು. ನೇಪಾಳಿಯಲ್ಲಿ ಅಣ್ಣ. ನನಗೆ ತಮ್ಮಂದಿರಿಲ್ಲ, ಎರಡು ದಿನದಲ್ಲೇ ಆ ಹೆಸರಿಗೆ ಓಗೊಡುವುದು ಅಭ್ಯಾಸವಾಗಿಹೋಯಿತು.

ಸಂಘಟಕರು ಕಳಿಸುತ್ತಿದ್ದ ಊಟ ಆ ಮಕ್ಕಳ ಹೊಟ್ಟೆಗೆ ಒಗ್ಗಲಿಲ್ಲ. ತಂಡದ ಮ್ಯಾನೇಜರ್ ಥಾಪಾ ಸರ್, ಮೀಸೆಯ, ಕಡಿಮೆ ಮಾತಿನ ಮನುಷ್ಯ, ನನ್ನನ್ನು ಕರೆದು ಕೇಳಿದರು: "ನಿಮ್ಮದು ಹೋಟೆಲ್ ಅಂತಲ್ಲ? ಪಂದ್ಯದ ದಿನ ಮಧ್ಯಾಹ್ನಕ್ಕೆ ಚಪಾತಿ, ಅನ್ನ, ಏನಾದರೂ ಖಾರವಿಲ್ಲದ ಪಲ್ಯ — ಆಗುತ್ತದೆಯೇ?" ಅವರ ಹಿಂದಿ, ನನ್ನ ಅರೆಬರೆ ಹಿಂದಿ, ನಡುವೆ ಇಂಗ್ಲಿಷು. ನಾನು ಎದೆಯುಬ್ಬಿಸಿ ಒಪ್ಪಿಕೊಂಡೆ.

ಪುರಸವಾಕ್ಕಂನಲ್ಲಿದ್ದ ನಮ್ಮ ಹೋಟೆಲನ್ನು ಕುಂದಾಪುರದ ಕಡೆಯಿಂದ ಬಂದ ಅಜ್ಜ ಶುರುಮಾಡಿದ್ದು. ಅಜ್ಜನ ನಂತರ ಅಪ್ಪಯ್ಯ. ಪೂರಿ, ಚಪಾತಿಗಳ ಜೊತೆ ಕೊಡುತ್ತಿದ್ದ ಗೇರುಬೀಜದ ಕುರ್ಮಕ್ಕೆ ನಮ್ಮ ಹೋಟೆಲಿಗೆ ಹೆಸರು. ಬಾಗಿಲ ಮೇಲಿನ ಬೋರ್ಡಿನಲ್ಲೇ ಅದನ್ನು ಬರೆಸಿದ್ದರು. ಹೊರಗಿನವರಿಗೆ ಗೊತ್ತಿಲ್ಲದ ಒಂದು ವಿಷಯವಿತ್ತು. ಆ ಕುರ್ಮದಲ್ಲಿ ಗೇರುಬೀಜದ ಜೊತೆ ನೆಲಗಡಲೆಯೂ — ಶೇಂಗಾ ಎನ್ನುತ್ತಾರಲ್ಲ, ಅದೇ — ಇರುತ್ತಿತ್ತು. ನೆನೆಸಿ, ಸಿಪ್ಪೆ ಉಜ್ಜಿ ತೆಗೆದು, ಗಸಗಸೆ ತೆಂಗಿನಕಾಯಿ ಸೇರಿಸಿ ಬೆಣ್ಣೆಯ ಹಾಗೆ ರುಬ್ಬಿದರೆ ಯಾವ ನಾಲಿಗೆಗೂ ಗೊತ್ತಾಗುವುದಿಲ್ಲ. ಅಡಿಗೆಮನೆಯಲ್ಲಿ ಅದರ ಹೆಸರನ್ನೂ ಹೇಳುತ್ತಿರಲಿಲ್ಲ. 'ಬಿಳಿ' ಎನ್ನುತ್ತಿದ್ದರು. "ಇವತ್ತು ಬಿಳಿ ಎಷ್ಟು ಹಾಕುದು?" ಎಂದು ಅಡಿಗೆಯ ಭಟ್ಟರು ಕೇಳುವುದು, ಅಪ್ಪಯ್ಯ ಕೈಯಲ್ಲೇ ಅಳತೆ ತೋರಿಸುವುದು — ಚಿಕ್ಕಂದಿನಿಂದ ನೋಡಿದ್ದೆ. ಮದುವೆಯ ಆರ್ಡರಿಗೆ ಮಾತ್ರ ಬಿಳಿ ಇಲ್ಲ. ಅಪ್ಪಯ್ಯ ಕರಿದ ಎಣ್ಣೆಯನ್ನು ಮತ್ತೆ ಬಳಸಿದವರಲ್ಲ, ಉಳಿದ ಸಾಂಬಾರನ್ನು ಮಾರನೆಯ ದಿನಕ್ಕೆ ಇಟ್ಟವರಲ್ಲ. ಬಿಳಿ ಅವರಿಗೆ ಮೋಸವಾಗಿ ಕಾಣುತ್ತಲೇ ಇರಲಿಲ್ಲ. ಅಜ್ಜನ ಕಾಲದಿಂದ ಬಂದ ಪಾಕ, ಅಷ್ಟೇ.

ಮೊದಲ ಊಟದ ಹಿಂದಿನ ದಿನ ಥಾಪಾ ಸರ್ ಒಬ್ಬ ಹುಡುಗನ ಹೆಗಲು ಹಿಡಿದು ನನ್ನೆದುರು ನಿಲ್ಲಿಸಿದರು. ದೀಪೇಶ್. ತಂಡದ ಗೋಲ್‌ಕೀಪರ್. ವಯಸ್ಸಿಗೆ ಮೀರಿದ ಉದ್ದ, ಮೊಣಕಾಲಿಗೆ ತಾಗುತ್ತವೇನೋ ಎನ್ನಿಸುವ ಕೈಗಳು. "ಇವನಿಗೆ ನೆಲಗಡಲೆ ಆಗುವುದಿಲ್ಲ. ಗೋಡಂಬಿ, ಬಾದಾಮಿ ಏನು ಬೇಕಾದರೂ ತಿನ್ನುತ್ತಾನೆ. ಇದೊಂದು ಮಾತ್ರ ವಿಷ. ಚಿಕ್ಕವನಿದ್ದಾಗ ಉಸಿರೇ ನಿಂತಿತ್ತಂತೆ."

ನಾನು ಸಂಜೆ ಅಪ್ಪಯ್ಯನಿಗೆ ಹೇಳಿದೆ.

"ಆಗುದಿಲ್ಲ ಅಂದ್ರೆ ಎಂತ? ಹೊಟ್ಟೆ ನೋವಾ?"

"ಅಲ್ಲ ಅಪ್ಪಯ್ಯ, ಉಸಿರು ನಿಲ್ತದಂತೆ."

ಅಪ್ಪಯ್ಯ ಗಲ್ಲಾಪೆಟ್ಟಿಗೆ ಮುಚ್ಚಿ ಎದ್ದರು. "ಹಾಗಾದ್ರೆ ಹುಡುಗಾಟ ಅಲ್ಲ ಮಾರಾಯ. ಯಾರದ್ದೋ ಮಗು. ಅವರ ಪಾತ್ರೆಗೆ ಬೇರೆಯೇ ರುಬ್ಬಿಸುವ."

ಮರುದಿನ ಗ್ರೈಂಡರನ್ನು ಬಿಸಿನೀರಿನಲ್ಲಿ ತೊಳೆಸಿ, ಒಣಬಟ್ಟೆಯಲ್ಲಿ ಒರೆಸಿಸಿ, ಮತ್ತೆ ತೊಳೆಸಿದರು. ರುಬ್ಬಿ ಮುಗಿಯುವವರೆಗೂ ಪಕ್ಕದಲ್ಲೇ ನಿಂತಿದ್ದರು. "ಸ್ವಾಮಿ, ಮಡಿ ಜಾಸ್ತಿಯಾಯ್ತು ನಿಮ್ದು," ಎಂದು ಭಟ್ಟರು ಗೊಣಗಿದರು. ಪಾತ್ರೆಯ ಮುಚ್ಚಳ ಬಿಗಿಮಾಡಿ, ಒದ್ದೆ ಕೈಯನ್ನು ಪಂಚೆಗೆ ಒರೆಸುತ್ತಾ ಅಪ್ಪಯ್ಯ ನನಗೆ ಹೇಳಿದರು: "ತಕೊಂಡು ಹೋಗು. ಗೇರುಬೀಜ ಮಾತ್ರ."

ಹುಡುಗರಿಗೆ ಕುರ್ಮದ ಹುಚ್ಚು ಹಿಡಿಯಿತು. ಸುಜನ್ ಎಂಬ ಪುಟ್ಟ ಫಾರ್ವರ್ಡ್ ತಟ್ಟೆ ನೆಕ್ಕುತ್ತಾ ನನಗೆ ಹೇಳುತ್ತಿದ್ದ: "ದಾಜು, ನಿಮ್ಮ ಅಪ್ಪನಿಗೆ ಹೇಳಿ, ನನ್ನನ್ನು ಮಗನನ್ನಾಗಿ ಇಟ್ಟುಕೊಳ್ಳಲಿ. ನನ್ನ ಬದಲು ನೀವು ಆಡಿ." ದೀಪೇಶ್ ತಲೆಯೆತ್ತದೆ ಹೇಳಿದ: "ಇವನನ್ನು ಇಟ್ಟುಕೊಂಡರೆ ಹೋಟೆಲ್ ಮುಚ್ಚಬೇಕಾಗುತ್ತದೆ. ಗಿರಾಕಿಗೆ ಏನು ಉಳಿಯುತ್ತದೆ?" ಆದರೆ ದೀಪೇಶ್ ತಾನು ಬಾಯಿಗೆ ಹಾಕುವ ಮುಂಚೆ ಪ್ರತಿ ಸಲವೂ ತಟ್ಟೆಗೆ ಬೆರಳು ತೋರಿಸಿ ನನ್ನತ್ತ ಹುಬ್ಬು ಹಾರಿಸುತ್ತಿದ್ದ. ನಾನು "ಕಾಜು ಮಾತ್ರ" ಎನ್ನುತ್ತಿದ್ದೆ, ಗೇರುಬೀಜಕ್ಕೆ ಹಿಂದಿಯ ಹೆಸರು. ಆಮೇಲೆಯೇ ಊಟ. ತಾಯಿ ಕಲಿಸಿಕೊಟ್ಟ ಅಭ್ಯಾಸವಿರಬೇಕು. ಲೀಗ್ ಪಂದ್ಯಗಳೆಲ್ಲ ಹೀಗೇ ನಡೆದವು. ಅವನು ಗೋಲಿನಲ್ಲಿ ನಿಂತರೆ ಆ ಉದ್ದ ಕೈಗಳನ್ನು ದಾಟಿಸುವುದು ಯಾರಿಗೂ ಸುಲಭವಾಗಿರಲಿಲ್ಲ. ತಂಡ ಸೆಮಿಫೈನಲ್ ತಲುಪಿತು.

ಸೆಮಿಫೈನಲ್ ದಿನ. ಇಲ್ಲಿಂದ ನಾನು ನಿಧಾನವಾಗಿ ಬರೆಯಬೇಕು.

ಅವತ್ತು ಬೆಳಿಗ್ಗೆಯೂ ಅಡಿಗೆಮನೆಗೆ ಹೋದ ನೆನಪಿದೆ. ಅಪ್ಪಯ್ಯ ಗ್ರೈಂಡರಿನ ಪಕ್ಕದಲ್ಲಿದ್ದರು. ನಾನು ಕೇಳಿದೆ, ಅವರು ಒದ್ದೆ ಕೈ ಒರೆಸುತ್ತಾ "ಗೇರುಬೀಜ ಮಾತ್ರ" ಎಂದರು. ಇಷ್ಟು ಸ್ಪಷ್ಟವಾಗಿ ಕಾಣುತ್ತದೆ. ಇಷ್ಟು ವರ್ಷ ನಾನು ನಂಬಿಕೊಂಡದ್ದೂ ಇದನ್ನೇ. ಗೇರುಬೀಜ ಸೌಕಾರ್‌ಪೇಟೆಯಿಂದ ಸಮಯಕ್ಕೆ ಬಂದಿರಲಿಲ್ಲವೇನೋ, ಭಟ್ಟರು ಎಂದಿನ ಹಾಗೆ ಬಿಳಿ ಬೆರೆಸಿದರು, ಅಪ್ಪಯ್ಯನಿಗೆ ಅದು ಗೊತ್ತಿದ್ದೂ ಮಗನೆದುರು ಒಪ್ಪಿಕೊಳ್ಳಲಾಗದೆ ಸುಳ್ಳು ಹೇಳಿದರು — ಹೀಗೆ.

ವಸತಿಗೃಹದ ಊಟದ ಕೋಣೆಯಲ್ಲಿ ದೀಪೇಶ್ ಬೆರಳು ತೋರಿಸಿ ಹುಬ್ಬು ಹಾರಿಸಿದ. ನಾನು ಬಸ್ಸಿನವನ ಜೊತೆ ಫೋನಿನಲ್ಲಿದ್ದೆ. ಫೋನನ್ನು ಕಿವಿಯಿಂದ ತೆಗೆಯದೆಯೇ ಹೇಳಿದೆ: "ಕಾಜು ಮಾತ್ರ." ಅವನು ಊಟ ಮಾಡಿದ.

ಪೆರಿಯಮೇಟಿನ ಪಕ್ಕದ ಕ್ರೀಡಾಂಗಣಕ್ಕೆ ಬಸ್ಸಿನಲ್ಲಿ ಹೆಚ್ಚು ದೂರವಿಲ್ಲ. ದೀಪೇಶ್ ನನ್ನ ಪಕ್ಕದಲ್ಲೇ ಕುಳಿತಿದ್ದ. ದಾರಿಯಲ್ಲೇ ತುಟಿ ಉಜ್ಜಿಕೊಳ್ಳಲು ಶುರುಮಾಡಿದ. ಗೇಟಿನ ಹೊರಗೆ ಒಬ್ಬ ನೆಲಗಡಲೆ ಹುರಿಯುವ ಗಾಡಿಯವನು ಬಾಣಲೆಗೆ ಸಟ್ಟುಗ ಬಡಿಯುತ್ತಾ ನಿಂತಿದ್ದ. ಬಸ್ಸು ಅವನನ್ನು ದಾಟಿ ಒಳಗೆ ಹೋಯಿತು. ಇಳಿದವರು ಬಟ್ಟೆ ಬದಲಿಸುವ ಕೋಣೆಗೆ ಹೋದೆವು. ಅಲ್ಲಿ ಅವನು ಗ್ಲೌಸ್ ಹಾಕಿಕೊಳ್ಳಲು ನೋಡಿದ. ಆಗಲಿಲ್ಲ. ಬೆರಳುಗಳು ಊದಿದ್ದವು. ಸುಜನ್ ನಕ್ಕ: "ನೋಡ್ರೋ, ಕುರ್ಮ ತಿಂದು ಕೈಯೂ ದಪ್ಪವಾಗಿದೆ." ದೀಪೇಶನೂ ನಗಲು ಹೋದ. ತುಟಿ ಅಷ್ಟರಲ್ಲಿ ಒಂದು ಕಡೆಗೆ ಜಗ್ಗಿಹೋಗಿತ್ತು. ಮತ್ತೆ ವಾಂತಿ, ಮೈಮೇಲೆ ಕೆಂಪು ದದ್ದುಗಳು, ಶಿಳ್ಳೆಯಂತೆ ಉಸಿರು. ತಂಡದ ವೈದ್ಯರು ಅಲ್ಲೇ ತೊಡೆಗೆ ಸೂಜಿ ಚುಚ್ಚಿದರು. ನಾನೂ ಅವರೂ ಸೇರಿ ಅವನನ್ನು ಆಸ್ಪತ್ರೆಗೆ ಒಯ್ದೆವು.

ಅಲ್ಲಿನ ಡಾಕ್ಟರ್ ನನ್ನನ್ನು ತಮಿಳಿನಲ್ಲಿ ಕೇಳಿದರು: "ಎನ್ನಪ್ಪಾ ಸಾಪ್ಪಿಟ್ಟಾನ್?" ಏನು ತಿಂದ?

"ದಿನಾ ಸಾಪ್ಪಿಡ್ರ ಲಂಚ್ ತಾನ್, ಡಾಕ್ಟರ್," ಎಂದೆ. ದಿನವೂ ತಿನ್ನುವ ಊಟವೇ ಎಂದು. ಆ ಹೊತ್ತಿಗೆ ಅದು ಸುಳ್ಳೆಂದು ನನಗೆ ಗೊತ್ತಿತ್ತೇ? ಗೊತ್ತಿರಲಿಲ್ಲ ಎಂದುಕೊಳ್ಳುತ್ತೇನೆ. ಅನುಮಾನವಿತ್ತು. ಅನುಮಾನವಿದ್ದವನು ಅನುಮಾನವಿದೆ ಎಂದು ಹೇಳಬೇಕಿತ್ತು.

ಉಸಿರು ಸರಿಯಾಯಿತು. ಇನ್ನು ಸ್ವಲ್ಪ ತಡವಾಗಿದ್ದರೆ, ಎಂದು ಶುರುಮಾಡಿದ ಡಾಕ್ಟರ್ ಮಾತನ್ನು ಅಷ್ಟಕ್ಕೇ ನಿಲ್ಲಿಸಿದರು. ನನ್ನನ್ನು ಅವನ ಬಟ್ಟೆ, ಪಾಸ್‌ಪೋರ್ಟ್ ತರಲು ವಸತಿಗೃಹಕ್ಕೆ ಕಳಿಸಿದರು. ಊಟದ ಕೋಣೆಯಲ್ಲಿ ನಮ್ಮ ಹೋಟೆಲಿನ ಪಾತ್ರೆ ಹಾಗೆಯೇ ಇತ್ತು. ತಳದಲ್ಲಿ ಸ್ವಲ್ಪ ಉಳಿದಿತ್ತು. ಬೆರಳಿಂದ ತೆಗೆದು ನಾಲಿಗೆಗೆ ಇಟ್ಟುಕೊಂಡೆ. ಯಾವ ನಾಲಿಗೆಗೂ ಗೊತ್ತಾಗುವುದಿಲ್ಲ ಎಂದು ಬರೆದೆ — ಆ ಮನೆಯಲ್ಲಿ ಹುಟ್ಟಿದವನಿಗೆ ಗೊತ್ತಾಗುತ್ತದೆ. ಬಿಳಿ ಇತ್ತು.

ನಾನು ಪಾತ್ರೆಯನ್ನು ತೊಳೆದೆ. ಯಾರೂ ಹೇಳಿರಲಿಲ್ಲ. ಉಳಿದದ್ದನ್ನು ಮೋರಿಗೆ ಸುರಿದು, ಸೋಪು ಹಾಕಿ, ನೀರು ತಿಳಿಯಾಗುವವರೆಗೆ ತೊಳೆದೆ. ಇದರಲ್ಲಿ ನೆನಪಿನ ದೋಷ ಏನೂ ಇಲ್ಲ. ಸೋಪಿನ ವಾಸನೆ ಈಗಲೂ ಬರುತ್ತದೆ.

ಮತ್ತೆ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಪಂದ್ಯ ಮುಗಿದಿತ್ತು. ನೇಪಾಳ ಗೆದ್ದಿತ್ತು. ದೀಪೇಶನ ಜಾಗದಲ್ಲಿ ಎರಡನೆಯ ಗೋಲ್‌ಕೀಪರ್ ನಿಂತು, ಪೆನಾಲ್ಟಿಯಲ್ಲಿ ಚೆಂಡು ತಡೆದು ಎಲ್ಲರ ಹೆಗಲೇರಿದ್ದ. ಥಾಪಾ ಸರ್ ನೇರವಾಗಿ ಮೈದಾನದಿಂದ ಬಂದಿದ್ದರು, ಶರ್ಟಿನ ಮೇಲೆ ಯಾರೋ ಎರಚಿದ ನೀರು ಇನ್ನೂ ಆರಿರಲಿಲ್ಲ. ಮಂಚದ ಬದಿಯಲ್ಲಿ ನಿಂತು ನನ್ನನ್ನು ಕೇಳಿದರು.

"ಕುರ್ಮದಲ್ಲಿ ಏನಾದರೂ?"

"ಇಲ್ಲ ಸರ್. ದಿನದ ಹಾಗೇ. ಕಾಜು ಮಾತ್ರ."

"ಮತ್ತೆ ಹೇಗೆ?" ಅವರು ಸ್ವಲ್ಪ ಯೋಚಿಸಿದರು. "ಗೇಟಿನ ಹತ್ತಿರ ಕಡಲೆ ಗಾಡಿಯಿತ್ತು."

ನಾನು ಸುಮ್ಮನಿದ್ದರೂ ಸಾಕಿತ್ತು. ದೀಪೇಶ್ ದಿಂಬಿನಿಂದ ತಲೆಯೆತ್ತಿದ. ಮಾತು ಇನ್ನೂ ತೊದಲುತ್ತಿತ್ತು. "ನಾನು ಹೋಗಿಲ್ಲ ಸರ್. ನಾನು ದಾಜು ಪಕ್ಕದಲ್ಲೇ ಇದ್ದೆ. ದಾಜು, ಹೇಳಿ ಅವರಿಗೆ."

ಆಗ ನಾನು ಹೇಳಿದ್ದು: "ಬಸ್ಸಿಳಿದ ಮೇಲೆ ನಾನು ಫೋನಿನಲ್ಲಿದ್ದೆ ಸರ್. ಇವನು ಗೇಟಿನ ಕಡೆ ಹೋಗಿದ್ದ. ಗಾಡಿಯ ಹತ್ತಿರ ನೋಡಿದೆ. ಕೈಯಲ್ಲಿ ಪೊಟ್ಟಣವಿತ್ತು."

ಪೊಟ್ಟಣ ಯಾಕೆ ಸೇರಿಸಿದೆ? ಯಾರೂ ಕೇಳಿರಲಿಲ್ಲ. ಸುಳ್ಳಿಗೆ ಒಂದು ವಸ್ತು ಬೇಕಾಗುತ್ತದೇನೋ. ವಿಚಿತ್ರವೆಂದರೆ, ಹೇಳಿದ ಕ್ಷಣದಿಂದ ಆ ಚಿತ್ರ ನನಗೆ ಕಾಣತೊಡಗಿತು — ಉದ್ದ ಕೈ, ಕಾಗದದ ಪೊಟ್ಟಣ, ಬಾಣಲೆಯ ಹೊಗೆ. ಇವತ್ತಿಗೂ ಕಾಣುತ್ತದೆ. ನಡೆಯದೇ ಇದ್ದದ್ದು ನಡೆದದ್ದಕ್ಕಿಂತ ಸ್ಪಷ್ಟವಾಗಿ.

ಹೋಟೆಲಿನ ಹೆಸರು ಹೋಗುತ್ತದೆಂದು ಹೆದರಿದೆನೇ? ಅಪ್ಪಯ್ಯನನ್ನು ಪೊಲೀಸರು ಕರೆಯುತ್ತಾರೆಂದು? ಆ ಎಲ್ಲ ಕಾರಣಗಳನ್ನೂ ಆಮೇಲೆ ಕುಳಿತು ಕಟ್ಟಿದೆ, ಒಂದಕ್ಕಿಂತ ಒಂದು ಚೆನ್ನಾಗಿವೆ. ಆ ಕ್ಷಣದಲ್ಲಿ ಇದ್ದದ್ದು, 'ಕಾಜು ಮಾತ್ರ' ಎಂದವನು ನಾನು ಎನ್ನುವುದೊಂದೇ.

ದೀಪೇಶ್ ಚೇತರಿಸಿಕೊಂಡು ಮರುದಿನವೇ ಎದ್ದು ಓಡಾಡಿದ. ಫೈನಲ್ ಆಡಬಹುದೆಂದು ಡಾಕ್ಟರ್ ಹೇಳಿದರು. ಆದರೆ ಥಾಪಾ ಸರ್ ಎಲ್ಲ ಹುಡುಗರನ್ನೂ ಸೇರಿಸಿ ಅವರೆದುರಿಗೇ ಹೇಳಿದರು: "ತಿಂದದ್ದಕ್ಕೆ ಶಿಕ್ಷೆಯಿಲ್ಲ. ಹದಿನೈದು ವರ್ಷಕ್ಕೆ ಆಸೆಯಾಗುತ್ತದೆ. ಶಿಕ್ಷೆ ಸುಳ್ಳು ಹೇಳಿದ್ದಕ್ಕೆ. ಸುಳ್ಳು ಹೇಳುವವನನ್ನು ನಾನು ಗೋಲಿನಲ್ಲಿ ನಿಲ್ಲಿಸುವುದಿಲ್ಲ." ನಾನು ಬಾಗಿಲ ಬಳಿ ನಿಂತು ಕೇಳಿದೆ. ಸುಜನ್ ಕೂಡ ತಲೆ ತಗ್ಗಿಸಿದ.

ಫೈನಲ್ ಬಗ್ಗೆ ಬರೆಯುವುದಿಲ್ಲ. ದೀಪೇಶ್ ಅದರಲ್ಲಿ ಇರಲಿಲ್ಲ.

ಅವರು ಹೊರಡುವ ದಿನ ಸಾಮಾನುಗಳನ್ನು ಬಸ್ಸಿಗೆ ಏರಿಸುತ್ತಿದ್ದಾಗ ಅವನು ನನ್ನ ಹತ್ತಿರ ಬಂದ. ಸಿಟ್ಟಿನಿಂದ ಬರುತ್ತಾನೆಂದುಕೊಂಡಿದ್ದೆ. ಸಿಟ್ಟಿರಲಿಲ್ಲ. ಬಹಳ ಹೊತ್ತು ಯೋಚಿಸಿದವನ ಹಾಗೆ ಕೇಳಿದ: "ದಾಜು, ನೀವು ನಿಜವಾಗಿ ನೋಡಿದಿರಾ?"

ನಾನು ಹೌದೆಂದೆ.

"ನನಗೆ ಸ್ವಲ್ಪವೂ ನೆನಪಿಲ್ಲ. ನೀವು ನೋಡಿದ್ದೀರಿ ಅಂದರೆ... ನಾನೇ ಮರೆತಿರಬಹುದು. ಹಾಗೆ ಆಗುತ್ತದೆಯೇ?"

"ಆಗುತ್ತದೆ," ಎಂದೆ. ತತ್ವಶಾಸ್ತ್ರ ಓದಿದವನ ಧ್ವನಿಯಲ್ಲಿ.

ಅವನ ಆಟವನ್ನು ಕಸಿದುಕೊಂಡದ್ದಕ್ಕಿಂತ ಇದು ದೊಡ್ಡದು ಎಂದು ಈಗ ಅನ್ನಿಸುತ್ತದೆ. ಅವನಿಗೆ ತನ್ನ ಮೇಲೆ ಇದ್ದ ನಂಬಿಕೆ ಸರಿಯಾಗಿತ್ತು. ಅದನ್ನು ಒಂದೇ ಪದದಲ್ಲಿ ನಾನು ಕೆಡಿಸಿದೆ. ಮುಂದೆ ಆ ದೇಶದ ದೊಡ್ಡವರ ತಂಡದ ಆಟಗಾರರ ಹೆಸರುಗಳಲ್ಲಿ ಅವನ ಹೆಸರನ್ನು ಎಷ್ಟೋ ಸಲ ಹುಡುಕಿದ್ದೇನೆ. ಸಿಕ್ಕಿಲ್ಲ. ನನ್ನಿಂದಲೇ ಎಂದು ಹೇಳಲಾರೆ. ಹದಿನೈದರಲ್ಲಿ ಚೆನ್ನಾಗಿ ಆಡುವ ಹುಡುಗರು ಎಷ್ಟೋ ಜನ ಕಾಣೆಯಾಗುತ್ತಾರೆ. ನನ್ನಿಂದಲ್ಲ ಎಂದೂ ಹೇಳಲಾರೆ.

ಅಪ್ಪಯ್ಯನ ಹತ್ತಿರ ನಾನು ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು, ಅದಕ್ಕೇ ಕೇಳಲಿಲ್ಲವೇನೋ. ಬದಲಿಗೆ ಹೋಟೆಲಿಗೆ ಹೋಗುವುದನ್ನು ಬಿಟ್ಟೆ. ಅವರು ಕರೆದಾಗ ಪರೀಕ್ಷೆ, ಸೆಮಿನಾರು, ಕೆಲಸ ಎಂದು ಹೇಳಿದೆ. "ಆ ಹುಡುಗ ಹೇಗಿದ್ದಾನೆ, ಉದ್ದ ಕೈಯವ?" ಎಂದು ಒಂದು ಸಲ ಅವರೇ ವಿಚಾರಿಸಿದರು. ನಾನು "ಚೆನ್ನಾಗಿದ್ದಾನೆ" ಎಂದು ಎದ್ದುಹೋದೆ. ಕೇಳುವ ಧೈರ್ಯ ನೋಡು ಇವರಿಗೆ, ಎಂದು ಮನಸ್ಸಿನಲ್ಲೇ ಹಲ್ಲು ಕಚ್ಚಿದ್ದೆ. ಒಬ್ಬನೇ ಮಗ ಹೋಟೆಲಿನ ಹೊಸ್ತಿಲು ಯಾಕೆ ತುಳಿಯುವುದಿಲ್ಲ ಎನ್ನುವುದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಹೋಟೆಲ್ ಮುಚ್ಚಿತು, ಈಗ ಅಲ್ಲಿ ಮೊಬೈಲ್ ಅಂಗಡಿಯಿದೆ. ಅಪ್ಪಯ್ಯ ಹೋಗಿ ಮೂರು ವರ್ಷವಾಯಿತು. ನಾನು ಅವರನ್ನು ಕ್ಷಮಿಸಿದ್ದೇನೆ ಎಂದುಕೊಂಡಿದ್ದೆ.

ಈ ವರ್ಷ ಮತ್ತೆ ನೆರೆದೇಶಗಳ ಹುಡುಗರ ಪಂದ್ಯಾವಳಿಯ ಸುದ್ದಿ ಟಿವಿಯಲ್ಲಿ ಬಂತು. ಈಗ ನಮ್ಮ ಮನೆ ಮಾಧವರಂನಲ್ಲಿ. ಅಮ್ಮ ನನ್ನ ಜೊತೆಗೇ ಇದ್ದಾರೆ. ಅವರು ಸೋಫಾದ ಮೇಲೆ ಕುಳಿತು ಬೀನ್ಸ್ ನಾರು ತೆಗೆಯುತ್ತಿದ್ದರು. ನಾನು ಒಮ್ಮೆ ಒಂದು ತಂಡದ ಜೊತೆ ಇದ್ದೆ ಎಂದಾಗ ಮಗಳು ಕತೆ ಹೇಳು ಎಂದಳು. ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದೆ. ಈ ಸಲ ಮಾತ್ರ, ಮನೆಯಲ್ಲವೇ ಎಂದು, ಹೆಸರು ಸೇರಿಸಿದೆ. "ಅಜ್ಜಯ್ಯನೇ ಹೇಳಿದ್ದು, ಗೇರುಬೀಜ ಮಾತ್ರ ಅಂತ. ಗ್ರೈಂಡರಿನ ಹತ್ತಿರ ನಿಂತುಕೊಂಡು. ಆಮೇಲೆ ನೋಡಿದರೆ—"

ಅಮ್ಮ ಚಾಕು ಕೆಳಗಿಟ್ಟರು. "ಯಾವತ್ತು ಹೇಳಿದ್ರು?"

"ಅವತ್ತೇ ಅಮ್ಮ. ಸೆಮಿಫೈನಲ್ ದಿನ."

"ಅವತ್ತು ಅವ್ರು ಹೋಟ್ಲಿಗೆ ಎಲ್ಲಿ ಹೋಗಿದ್ರು? ಏಕಾದಶಿ ಅಲ್ವನಾ ಅವತ್ತು."

ಇಲ್ಲಿ ಅಪ್ಪಯ್ಯನ ಒಂದು ಕ್ರಮವನ್ನು ಹೇಳಬೇಕು. ನಮ್ಮದು ಮಾಧ್ವರ ಮನೆ. ಏಕಾದಶಿಯ ದಿನ ಅಪ್ಪಯ್ಯ ನೀರನ್ನೂ ಮುಟ್ಟುತ್ತಿರಲಿಲ್ಲ. ಅನ್ನ ಬೇಯುವ ಜಾಗಕ್ಕೆ ಕಾಲಿಡುತ್ತಿರಲಿಲ್ಲ; ಹೋಟೆಲು ನಡೆಯುತ್ತಿತ್ತು, ಅವರು ಹೋಗುತ್ತಿರಲಿಲ್ಲ. ಬೆಳಗಾಗುವ ಮುಂಚೆಯೇ ಸ್ನಾನ ಮಾಡಿ, ಫೋನನ್ನು ಮನೆಯಲ್ಲೇ ಬಿಟ್ಟು ಟ್ರಿಪ್ಲಿಕೇನಿನ ಮಠಕ್ಕೆ ಹೋದರೆ ಬರುವುದು ಸಂಜೆಗೆ. ಆ ದಿನಗಳಲ್ಲಿ ಹೋಟೆಲಿನ ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು. ಬಿಳಿ ಎಷ್ಟು ಹಾಕುವುದೆಂದು ಭಟ್ಟರು ಕೇಳಬೇಕಾಗಿದ್ದದ್ದು ನನ್ನನ್ನು. ಹುಡುಗರ ಪಾತ್ರೆಗೆ ಬೇರೆ ರುಬ್ಬಿ ಎಂದು ಹೇಳಬೇಕಾಗಿದ್ದವನು ನಾನು.

"ನಿಮಗೆ ಹೇಗೆ ನೆನಪಿರ್ತದೆ ಅಮ್ಮ? ಎಷ್ಟು ವರ್ಷ ಆಯ್ತು! ಏಕಾದಶಿ ತಿಂಗಳಿಗೆ ಎರಡು ಬರ್ತದೆ."

"ನೀನು ನಮ್ಮ ಟೀಮ್ ಗೆದ್ದಿತು ಅಂತ ಮೈಸೂರ್‌ಪಾಕ್ ತಕೊಂಡು ಬಂದೆ. ಅಪ್ಪಯ್ಯನಿಗೆ ಕೊಡ್ಲಿಕ್ಕೆ ಹೋದೆ. ಇವತ್ತು ಏಕಾದಶಿ ಮಾರಾಯ, ನಾಳೆ ತಿಂತೇನೆ ಅಂದ್ರು. ನೀನು ಡಬ್ಬಿ ಅಲ್ಲೇ ಕುಕ್ಕಿ ಹೋದೆ. ಮರುದಿನ ದ್ವಾದಶಿ ಪಾರಣೆಗೆ ನಾನೇ ಬಡಿಸಿದೆ ಅವ್ರಿಗೆ."

ಮೈಸೂರ್‌ಪಾಕ್. ನನಗೆ ಅದರ ನೆನಪೇ ಇರಲಿಲ್ಲ. ಆ ಹುಡುಗನನ್ನು ಆಸ್ಪತ್ರೆಯ ಮಂಚದ ಮೇಲೆ ಬಿಟ್ಟು ಬರುವ ದಾರಿಯಲ್ಲಿ ಅಂಗಡಿಗೆ ಹೋಗಿ ಸಿಹಿ ಕೊಂಡಿದ್ದೇನೆ. ನಿಜವಿರಲಾರದು ಎಂದುಕೊಂಡೆ. ನಿಜವಿರಬಹುದು ಎಂದೂ ಅನ್ನಿಸಿತು — ಆ ಡಬ್ಬಿಯನ್ನು ಕುಕ್ಕಿದ ಕೈ ನನ್ನದೇ ಎಂದು ಕೈಗೆ ಗೊತ್ತಿದ್ದ ಹಾಗೆ.

ನಾನು ವಾದ ಮಾಡಿದೆ. ನೆನಪುಗಳು ಹೇಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬೇರೆ ಯಾವುದೋ ಏಕಾದಶಿಯನ್ನು, ಬೇರೆ ಯಾವುದೋ ಸಿಹಿಯನ್ನು ಅವರು ಆ ದಿನಕ್ಕೆ ಹೇಗೆ ಜೋಡಿಸಿರಬಹುದು ಎಂದೆಲ್ಲ ಪಾಠ ಮಾಡಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡರು.

"ಇರಬಹುದು ಮಗಾ. ನೀನು ಓದಿದವ. ಆದ್ರೆ ಹೋದವರ ಮೇಲೆ ಹೇಳುವಾಗ ಒಂದ್ಸಲ ಸರಿಯಾಗಿ ನೋಡಿ ಹೇಳು."

ಮಗಳು ಇಬ್ಬರನ್ನೂ ನೋಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ಅಪ್ಪಾ, ಪಾಟ್ಟಿ ಸೊಲ್ರದು ನಿಜಮಾ?" ಅಜ್ಜಿ ಹೇಳುವುದು ನಿಜವೇ?

ತೆರಿಯಲೆ, ಎಂದೆ. ಗೊತ್ತಿಲ್ಲ.

ನನ್ನ ಜೀವನವಿಡೀ ನಾನು ಹೇಳಿದ ಅತಿ ಸುಲಭದ ಮಾತು ಅದು. ಗೊತ್ತಿಲ್ಲ ಎನ್ನುವುದು ಪ್ರಾಮಾಣಿಕತೆ ಎಂದು ತಿಳಿದಿದ್ದೆ. ಮಕ್ಕಳಿಗೂ ಹಾಗೆಯೇ ಕಲಿಸಿದ್ದೇನೆ. ಆದರೆ ತಿಳಿದುಕೊಳ್ಳಬಹುದಾದದ್ದನ್ನು ತಿಳಿದುಕೊಳ್ಳದೆ ಗೊತ್ತಿಲ್ಲ ಎನ್ನುವುದು — ಅದಕ್ಕೆ ಏನೆನ್ನಬೇಕು? ಅಮ್ಮ ಹೇಳಿದ್ದು ನಿಜವಾಗಿದ್ದರೆ, ಒದ್ದೆ ಕೈ ಒರೆಸುತ್ತಾ ನಿಂತ ಅಪ್ಪಯ್ಯ ಮೊದಲ ಪಂದ್ಯದ ದಿನದವರು. ಆ ಮಾತನ್ನು ಅವರು ಹೇಳಿದ್ದರು, ಅದು ಸತ್ಯವಾಗಿದ್ದ ದಿನ. ನಾನು ಅದನ್ನು ಎತ್ತಿ ತಂದು, ಅವರು ಇಲ್ಲದ ದಿನದಲ್ಲಿ ಅವರ ಬಾಯಿಗೆ ಇಟ್ಟೆ. ಪೊಟ್ಟಣವನ್ನು ದೀಪೇಶನ ಕೈಗೆ ಇಟ್ಟ ಹಾಗೆ. ಒಬ್ಬ ಹುಡುಗನ ಮೇಲೆ ಹೇಳಿದ್ದು ಸುಳ್ಳೆಂದು ನನಗೆ ಗೊತ್ತಿತ್ತು. ತಂದೆಯ ಮೇಲೆ ಹೇಳಿದ್ದನ್ನು ನಾನೇ ನಂಬಿಬಿಟ್ಟಿದ್ದೆ.

ಥಾಪಾ ಸರ್ ಎಲ್ಲಿದ್ದಾರೆಂದು ಹುಡುಕುತ್ತಿದ್ದೇನೆ. ದೀಪೇಶನನ್ನೂ. ಸಿಕ್ಕರೆ ಹೇಳಬೇಕಾದದ್ದು ಹೆಚ್ಚಿಲ್ಲ: ನೀನು ಮರೆತಿರಲಿಲ್ಲ. ನೀನು ಎಲ್ಲಿಗೂ ಹೋಗಿರಲಿಲ್ಲ, ನನ್ನ ಪಕ್ಕದಲ್ಲೇ ಇದ್ದೆ. ಸಿಗದಿದ್ದರೂ ತರಗತಿಯಲ್ಲಿ ಆ ಕತೆಯನ್ನು ಇನ್ನು ಹಳೆಯ ರೀತಿಯಲ್ಲಿ ಹೇಳುವುದಿಲ್ಲ. ಯುವಕನ ಹೆಸರು ಹೇಳುತ್ತೇನೆ.

ಅಮ್ಮನ ಮಾತನ್ನು ಪರಿಶೀಲಿಸಲು ನನಗೆ ವಾರಗಟ್ಟಲೆ ಬೇಕಾಯಿತು. ಕೆಲಸ ಕೆಲವೇ ನಿಮಿಷದ್ದು. ಪಂದ್ಯದ ತಾರೀಖು ಹಳೆಯ ಪತ್ರಿಕೆಯಲ್ಲಿ ಸಿಕ್ಕಿತು. ಸ್ಮಾರ್ತರ ಏಕಾದಶಿಗೂ ಮಾಧ್ವರ ಏಕಾದಶಿಗೂ ಕೆಲವೊಮ್ಮೆ ಒಂದು ದಿನದ ವ್ಯತ್ಯಾಸ ಬರುತ್ತದೆ. ಹಾಗಾಗಿದ್ದರೆ, ಎಂಬ ಆಸೆಯಿಂದ ಆ ವರ್ಷದ ಎರಡು ಪಂಚಾಂಗಗಳನ್ನೂ ನೋಡಿದೆ. ಎರಡರಲ್ಲೂ ಸೆಮಿಫೈನಲ್ ನಡೆದ ದಿನ ಏಕಾದಶಿ.